ಸುಟ್ಟ ಕೈಗೆ ರೋಬೋ ವ್ಯಾಯಾಮ: ನನ್ನ ಎಂಟು ವಾರ

ಬಲಗೈ ಸುಟ್ಟು ಹತ್ತು ವಾರ ಆಗಿತ್ತು. ಗಾಯವೆಲ್ಲ ಮಾಗಿತ್ತು. ನೋಡಿದವರೆಲ್ಲ "ಪರವಾಗಿಲ್ಲ, ಚೆನ್ನಾಗಿ ವಾಸಿಯಾಗಿದೆ" ಅನ್ನುತ್ತಿದ್ದರು. ಆದರೆ ಆ ಕೈಯಲ್ಲಿ ನನಗೆ ಕತ್ತರಿ ಹಿಡಿಯಲು ಆಗುತ್ತಿರಲಿಲ್ಲ. ನಾನು ಬಟ್ಟೆ ಹೊಲಿಯುವವಳು. ಇಪ್ಪತ್ತು ವರ್ಷದಿಂದ ಅದೇ ಕೆಲಸ. ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ಹೇಗೋ ತೂರುತ್ತಿತ್ತು, ಆದರೆ ಕತ್ತರಿ ಬಾಯಿ ತೆರೆಯಬೇಕಲ್ಲ, ಅಷ್ಟು ಅಗಲಕ್ಕೆ ಬೆರಳು ಹೋಗುತ್ತಿರಲಿಲ್ಲ. ಮುಷ್ಟಿ ಕಟ್ಟು ಅಂದರೆ ಬೆರಳುಗಳು ಅರ್ಧ ದಾರಿಯಲ್ಲೇ ನಿಲ್ಲುತ್ತಿದ್ದವು. ಗಾಯ ವಾಸಿಯಾಗುವುದು ಬೇರೆ, ಕೈ ವಾಪಸ್ಸು ಬರುವುದು ಬೇರೆ ಅಂತ ನನಗೆ ಗೊತ್ತಾಗಿದ್ದು ಆಗಲೇ.

ಹೇಗೆ ಸುಟ್ಟಿತು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಗ್ಯಾಸ್ ಸೋರಿತ್ತು, ಗೊತ್ತಾಗಲಿಲ್ಲ, ಒಲೆ ಹಚ್ಚಿದೆ. ಬೆಂಕಿ ಭಗ್ಗನೆ ಮುಖದ ಕಡೆ ಬಂತು. ಅಂಥ ಹೊತ್ತಲ್ಲಿ ಯಾರೇ ಆದರೂ ಕೈ ಅಡ್ಡ ಹಿಡಿಯುತ್ತಾರೆ. ಮುಖ ಉಳಿಯಿತು. ಬಲಗೈಯ ಹಿಂಭಾಗ, ಐದೂ ಬೆರಳಿನ ಮೇಲ್ಭಾಗ ಸುಟ್ಟಿತು. ಅಂಗೈಗೆ ಹೆಚ್ಚೇನೂ ಆಗಿರಲಿಲ್ಲ. ಬೆಂಕಿಯಲ್ಲಿ ಸುಟ್ಟ ಕೈಗಳು ಬಹಳಷ್ಟು ಹೀಗೇ ಇರುತ್ತವಂತೆ.

ಕೈಯ ಹಿಂಭಾಗದ ಚರ್ಮ ಎಷ್ಟು ತೆಳು ಅಂತ ಒಮ್ಮೆ ಚಿವುಟಿ ನೋಡಿಕೊಳ್ಳಿ. ಅಂಗೈ ಚರ್ಮದ ಹಾಗಲ್ಲ, ಸಡಿಲವಾಗಿ ಮೇಲೆದ್ದು ಬರುತ್ತದೆ. ಅದು ಹಾಗೆ ಸಡಿಲ ಇರುವುದರಿಂದಲೇ ನಾವು ಮುಷ್ಟಿ ಕಟ್ಟುವುದು. ಅದರ ಕೆಳಗೆ ಕೊಬ್ಬು ಬಹಳ ಕಡಿಮೆ. ಬೆರಳನ್ನು ನೆಟ್ಟಗೆ ಮಾಡುವ ಹುರಿಗಳು, ಅಂದರೆ ಟೆಂಡನ್‌ಗಳು, ಚರ್ಮದ ಕೆಳಗೇ ಓಡುತ್ತವೆ. ಬೆರಳುಗಳೂ ಸೇರಿ ಒಂದು ಅಂಗೈಯಗಲ ಅಂದರೆ ಮೈಚರ್ಮದ ಸುಮಾರು 1% ಮಾತ್ರ. ಆದರೂ ಕೈ ಆಳವಾಗಿ ಸುಟ್ಟರೆ ಅದನ್ನು ದೊಡ್ಡ ಗಾಯ ಅಂತಲೇ ಡಾಕ್ಟರುಗಳು ನೋಡುತ್ತಾರೆ. ಯಾಕೆ ಅಂತ ಮುಂದೆ ನನಗೆ ಚೆನ್ನಾಗಿ ಅರ್ಥವಾಯಿತು.

ಒಂಬತ್ತನೇ ದಿನ ಆಪರೇಷನ್ ಆಯಿತು. ಸತ್ತ ಚರ್ಮ ತೆಗೆದು, ತೊಡೆಯಿಂದ ತೆಳುವಾದ ಪದರ ಎತ್ತಿ ಅಲ್ಲಿ ಕೂರಿಸಿದರು. ಮೈಯ ಬೇರೆ ಕಡೆ ಆದರೆ ಈ ಪದರಕ್ಕೆ ಸಣ್ಣ ಸಣ್ಣ ಸೀಳು ಹಾಕಿ, ಬಲೆಯ ಹಾಗೆ ಎಳೆದು ಹರಡುವುದುಂಟು. ಕೈಗೆ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಸೀಳಿಲ್ಲದ ಹಾಳೆಯನ್ನೇ ಇಡುತ್ತಾರೆ, ಆಮೇಲೆ ಬಿಗಿತ ಕಡಿಮೆ ಇರಲಿ ಅಂತ. ಐದು ದಿನ ಕೈ ಅಲುಗಾಡದ ಹಾಗೆ ಸ್ಪ್ಲಿಂಟ್ ಕಟ್ಟಿದರು. ಮಣಿಕಟ್ಟು ಸ್ವಲ್ಪ ಹಿಂದಕ್ಕೆ, ಬೆರಳುಗಳ ಬುಡದ ಗೆಣ್ಣು ಮುಂದಕ್ಕೆ ಬಾಗಿ, ಮೇಲಿನ ಎರಡು ಗೆಣ್ಣು ನೆಟ್ಟಗೆ, ಹೆಬ್ಬೆರಳು ದೂರ. ನೋಡಲು ವಿಚಿತ್ರವಾಗಿತ್ತು. ಸುಟ್ಟ ಕೈಯನ್ನು ಅದರ ಪಾಡಿಗೆ ಬಿಟ್ಟರೆ ಸರಿಯಾಗಿ ಇದಕ್ಕೆ ತಿರುಗುಮುರುಗಾಗುತ್ತದೆ. ಬುಡದ ಗೆಣ್ಣು ಹಿಂದಕ್ಕೆ ಎಳೆದುಕೊಂಡು, ನಡುವಿನ ಗೆಣ್ಣು ಮುದುಡಿ, ಹಕ್ಕಿಯ ಉಗುರಿನ ಹಾಗಾಗಿಬಿಡುತ್ತದೆ. ಅದನ್ನು ತಡೆಯಲೆಂದೇ ಆ ಭಂಗಿ.

ಕಸಿ ಚೆನ್ನಾಗಿ ಹಿಡಿಯಿತು. ಮನೆಗೆ ಬಂದೆ. ಕಷ್ಟ ಶುರುವಾಗಿದ್ದು ಆಮೇಲೆ.

ಗಾಯ ಮಾಗುವಾಗ ಒಳಗಿರುವ ಕೆಲವು ಜೀವಕೋಶಗಳು ಸುತ್ತಲಿನ ಚರ್ಮವನ್ನು ಒಳಕ್ಕೆ ಎಳೆಯುತ್ತವೆ. ಗಾಯದ ಬಾಯಿ ಮುಚ್ಚಲು ಅದು ಬೇಕು. ಆದರೆ ಬಾಯಿ ಮುಚ್ಚಿದ ಮೇಲೂ ಅವು ಸುಮ್ನೆ ಇರುವುದಿಲ್ಲ. ತಿಂಗಳುಗಟ್ಟಲೆ ಎಳೆಯುತ್ತಲೇ ಇರುತ್ತವೆ. ಕಲೆ ಪೂರ್ತಿ ಮೆತ್ತಗಾಗಲು ವರ್ಷವೂ ಬೇಕು, ಒಂದೂವರೆ ವರ್ಷವೂ ಬೇಕು. ಆರನೇ ವಾರದ ಹೊತ್ತಿಗೆ ನನ್ನ ಕೈಯ ಮೇಲಿನ ಕಲೆ ಕೆಂಪಾಗಿ, ದಪ್ಪಗಾಗಿ, ಮುಟ್ಟಿದರೆ ರಬ್ಬರಿನ ಹಾಗಿತ್ತು. ರಾತ್ರಿ ತುರಿಕೆ. ದಿನಕ್ಕೆ 23 ಗಂಟೆ ಬಿಗಿಯಾದ ಪ್ರೆಷರ್ ಗ್ಲೌಸ್, ಅದರೊಳಗೆ ಸಿಲಿಕೋನ್ ಶೀಟು. ಉಳಿದ ಒಂದು ಗಂಟೆ ಕೈ ತೊಳೆದು, ಕ್ರೀಮ್ ಹಚ್ಚಿ ಉಜ್ಜಿಕೊಳ್ಳಲು.

ಮನೆಯಲ್ಲಿ ಮಾಡಲು ವ್ಯಾಯಾಮ ಹೇಳಿಕೊಟ್ಟಿದ್ದರು. ಗಂಟೆಗೊಮ್ಮೆ ಮುಷ್ಟಿ ಕಟ್ಟಬೇಕು, ಎಡಗೈಯಿಂದ ಬೆರಳುಗಳನ್ನು ಮಡಚಬೇಕು. ಮಾಡುತ್ತಿದ್ದೆ ಅಂತಲೇ ಅಂದುಕೊಂಡಿದ್ದೆ. ಆದರೆ ಚರ್ಮ ಬಿಗಿಯುವುದು ಗೊತ್ತಾದ ತಕ್ಷಣ ಬಿಟ್ಟುಬಿಡುತ್ತಿದ್ದೆ. ಹರಿದುಹೋದರೆ? ಅಷ್ಟು ಕಷ್ಟಪಟ್ಟು ಕೂರಿಸಿದ ಚರ್ಮ ಅಲ್ವಾ? ಈ ಭಯ ಎಷ್ಟು ಸಹಜ ಅಂತ ಸುಟ್ಟವರಿಗೆ ಗೊತ್ತು. ಹತ್ತನೇ ವಾರ ಥೆರಪಿಸ್ಟ್ ಮೇಡಂ ಅಳೆದರು. ಒಂದು ಬೆರಳಿನ ಮೂರೂ ಗೆಣ್ಣು ಎಷ್ಟೆಷ್ಟು ಬಾಗುತ್ತವೆ ಅಂತ ಅಳೆದು, ನೆಟ್ಟಗಾಗದೆ ಉಳಿದಿದ್ದನ್ನು ಕಳೆದು, ಕೂಡಿಸುತ್ತಾರೆ. ಸರಿಯಾಗಿರುವ ಬೆರಳಿಗೆ ಅದು ಸುಮಾರು 260 ಡಿಗ್ರಿ ಬರುತ್ತದೆ. ನನ್ನ ತೋರುಬೆರಳಿಗೆ 110 ಬಂತು. ಕಿರುಬೆರಳಿಗೆ 85. ಹಿಡಿತದ ಬಲ ಎಡಗೈಯಲ್ಲಿ 24 ಕೆಜಿ, ಬಲಗೈಯಲ್ಲಿ 4. ಮೂರು ವಾರದ ಹಿಂದೆಯೂ 4 ಇತ್ತು.

ಆಗ ಅವರು ರೋಬೋ ವಿಷಯ ತೆಗೆದರು.

ರೋಬೋ ಅಂದ ಕೂಡಲೇ ನನ್ನ ತಲೆಗೆ ಬಂದಿದ್ದು ಕೈಕಾಲಿರುವ ಬೊಂಬೆ. ಇದು ಹಾಗಿಲ್ಲ. ಮೇಜಿನಷ್ಟು ಎತ್ತರದ ಒಂದು ಯಂತ್ರ. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೈ ಇಡಲು ದೋಣಿಯಾಕಾರದ ಒಂದು ಆಸರೆ. ಅದರ ಮುಂದೆ ಐದು ಸಣ್ಣ ಹಳಿಗಳು, ಒಂದೊಂದು ಬೆರಳಿಗೆ ಒಂದೊಂದು. ಬೆರಳ ತುದಿಗೆ ಪುಟ್ಟ ಅಯಸ್ಕಾಂತದ ಬಿಲ್ಲೆ ಅಂಟಿಸಿ, ಹಳಿಯ ಮೇಲೆ ಓಡುವ ತುಂಡಿಗೆ ಅದನ್ನು ಕೂರಿಸುತ್ತಾರೆ. ಮೋಟಾರು ಆ ತುಂಡನ್ನು ಹಿಂದೆ ಮುಂದೆ ಓಡಿಸಿದರೆ ಬೆರಳು ಮಡಚಿ ಬಿಡಿಸುತ್ತದೆ. ಜೋರಾಗಿ ಎಳೆದರೆ ಅಯಸ್ಕಾಂತ ತಾನಾಗೇ ಕಳಚಿಕೊಳ್ಳುತ್ತದೆ. ಇನ್ನೊಂದು ಬಗೆಯದೂ ಇದೆ, ಗ್ಲೌಸಿನ ಹಾಗೆ ಇಡೀ ಕೈಗೆ ಹಾಕಿಕೊಳ್ಳುವುದು, ತಂತಿಯಿಂದಲೋ ಗಾಳಿಯಿಂದಲೋ ಬೆರಳು ಆಡಿಸುವುದು. ನನಗೆ ಕಸಿ ಆಗಿರುವುದು ಕೈಯ ಹಿಂಭಾಗದಲ್ಲಿ. ಅಲ್ಲಿ ಏನೂ ಒತ್ತದಿರುವುದೇ ಒಳ್ಳೆಯದು ಅಂತ ಮೇಡಂ ಬೆರಳ ತುದಿ ಹಿಡಿಯುವ ಯಂತ್ರವನ್ನೇ ಆರಿಸಿದರು.

ಇಂಥ ಯಂತ್ರಗಳು ಮೊದಲು ಬಂದಿದ್ದು ಸ್ಟ್ರೋಕ್ ಆದವರಿಗಾಗಿ. 1990ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ತಯಾರಾದ ಎಂಐಟಿ-ಮ್ಯಾನಸ್ ಅನ್ನುವುದು ಭುಜ, ಮೊಣಕೈ ಆಡಿಸುತ್ತಿತ್ತು. ಬೆರಳುಗಳಿಗೆ ಅಂತಲೇ ಮಾಡಿದ ಯಂತ್ರಗಳು ಆಮೇಲೆ ಬಂದವು. ಸುಟ್ಟ ಕೈಗೆ ಬಳಸುವುದು ಸ್ಟ್ರೋಕ್‌ಗಿಂತ ಹೊಸದು. ಮೇಡಂ ಹೇಳಿದ ಒಂದು ಮಾತು ನನಗೆ ತುಂಬಾ ಸಹಾಯ ಮಾಡಿತು. "ಸ್ಟ್ರೋಕ್ ಆದವರಿಗೆ ಕೈ ಚೆನ್ನಾಗಿರುತ್ತೆ, ಮೆದುಳಿಂದ ಸುದ್ದಿ ಬರಲ್ಲ. ನಿಮಗೆ ಸುದ್ದಿ ಬರ್ತಿದೆ, ಚರ್ಮ ಬಿಡ್ತಿಲ್ಲ. ಒಂದೇ ಮಷೀನು, ಆದರೆ ಅವರಿಗೆ ಇಡೋ ಸೆಟ್ಟಿಂಗ್ ನಿಮಗೆ ಇಡೋಕಾಗಲ್ಲ."

ಶುರು ಮಾಡುವ ಮೊದಲು ಎರಡು ವಿಷಯ ನೋಡಿದರು. ಎಲ್ಲೂ ಹಸಿ ಗಾಯ ಇರಬಾರದು. ಎರಡನೆಯದು, ನಡುವಿನ ಗೆಣ್ಣಿನ ಮೇಲಿರುವ ಟೆಂಡನ್ ಗಟ್ಟಿಯಾಗಿರಬೇಕು. ಅಲ್ಲಿ ಚರ್ಮ ಎಲುಬಿಗೆ ಅಂಟಿದ ಹಾಗೆ ಇರುವುದರಿಂದ ಬೆಂಕಿ ಸುಲಭವಾಗಿ ಟೆಂಡನ್ನಿಗೇ ತಗಲುತ್ತದೆ. ಸೋತ ಟೆಂಡನ್ನಿನ ಮೇಲೆ ಬೆರಳನ್ನು ಪೂರ್ತಿ ಮಡಚಿದರೆ ಅದು ಹರಿಯಬಹುದು. ಮೇಡಂ ನನ್ನ ಒಂದೊಂದೇ ಬೆರಳನ್ನು ಮೇಜಿನ ಅಂಚಿಗೆ ಇಟ್ಟು, ನಡುವಿನ ಗೆಣ್ಣು ಕೆಳಗೆ ಬಾಗಿರುವಾಗ ಮೇಲಕ್ಕೆ ಒತ್ತಲು ಹೇಳಿದರು. ತಮ್ಮ ಬೆರಳಿಂದ ತಡೆ ಕೊಟ್ಟು ನೋಡಿದರು. ನಾಲ್ಕರಲ್ಲಿ ಮೂರು ಸರಿ. ಉಂಗುರ ಬೆರಳಿನ ಮೇಲೆ ಅನುಮಾನ ಬಂತು. ಅದೊಂದಕ್ಕೆ ಮಾತ್ರ ಯಂತ್ರದಲ್ಲಿ ಮಿತಿ ಹಾಕಿದರು, ಇಷ್ಟರ ಮೇಲೆ ಮಡಚಬಾರದು ಅಂತ. ಒಂದೊಂದು ಬೆರಳಿಗೂ ಬೇರೆ ಬೇರೆ ಮಿತಿ ಇಡಬಹುದು ಅನ್ನುವುದು ಈ ಯಂತ್ರದ ದೊಡ್ಡ ಗುಣ.

ಮೊದಲ ದಿನ. ಕ್ರೀಮ್ ಹಚ್ಚಿ ಹದಿನೈದು ನಿಮಿಷ ಉಜ್ಜಿದರು. ತಮ್ಮ ಕೈಯಿಂದಲೇ ಬೆರಳುಗಳನ್ನು ಒಂದು ಸುತ್ತು ಮಡಚಿದರು. ಆಮೇಲೆ ಕ್ರೀಮ್ ಒರೆಸಿ, ಕೈಯನ್ನು ಆಸರೆಯಲ್ಲಿಟ್ಟು, ಪಟ್ಟಿ ಕಟ್ಟಿ, ಬಿಲ್ಲೆ ಅಂಟಿಸಿದರು. ಎಡಗೈಗೆ ಒಂದು ಕೆಂಪು ಬಟನ್ ಕೊಟ್ಟರು. ಒತ್ತಿದರೆ ಎಲ್ಲಾ ನಿಲ್ಲುತ್ತದೆ. ಯಂತ್ರ ಹೊರಟಿತು. ಎಷ್ಟು ನಿಧಾನ ಅಂದರೆ ಮೊದಲು ಅಲುಗಾಡಿದ್ದೇ ಗೊತ್ತಾಗಲಿಲ್ಲ. ಬೆರಳುಗಳು ಅರ್ಧಕ್ಕೆ ಬಂದಾಗ ಚರ್ಮ ಬಿಗಿಯಿತು. ಬಟನ್ ಒತ್ತಿಬಿಟ್ಟೆ. ಮತ್ತೆ ಶುರು ಮಾಡಿದರು. ಮತ್ತೆ ಅಲ್ಲೇ ಒತ್ತಿದೆ. ಬೈಯುತ್ತಾರೆ ಅಂದುಕೊಂಡೆ. "ಒಳ್ಳೇದೇ ಆಯ್ತು. ಒತ್ತಿದರೆ ನಿಲ್ಲುತ್ತೆ ಅಂತ ಈಗ ಗೊತ್ತಾಯ್ತಲ್ವಾ," ಅಂದರು. ಮೂರನೇ ಸಲ ನಾನು ಒತ್ತಲಿಲ್ಲ.

ಆ ಮೂರನೇ ಸಲ ಕಂಡಿದ್ದನ್ನು ಇಲ್ಲಿ ಹೇಳಲೇಬೇಕು. ಬೆರಳು ಮಡಚುತ್ತಾ ಹೋದ ಹಾಗೆ ಗೆಣ್ಣಿನ ಮೇಲಿನ ಕೆಂಪು ಚರ್ಮ ನಿಧಾನವಾಗಿ ಬಿಳಿಚಿಕೊಂಡಿತು. ಮೊದಲು ಗೆಣ್ಣಿನ ತುದಿಯಲ್ಲಿ ಅಕ್ಕಿಕಾಳಿನಷ್ಟು. ಆಮೇಲೆ ಉಗುರಿನಷ್ಟು. ನನಗೆ ಎದೆ ಹೊಡೆದುಕೊಳ್ಳತೊಡಗಿತು. "ಬಿಳಿ ಆಯ್ತಲ್ಲ, ಅಷ್ಟು ಸಾಕು. ಇಲ್ಲೇ ನಿಲ್ಲಿಸ್ತೀನಿ. ಈಗ ನೋಡ್ತಾ ಇರಿ," ಅಂದರು. ಯಂತ್ರ ಅಲ್ಲೇ ಹಿಡಿದು ನಿಂತಿತು. ಹತ್ತು ಎಣಿಸಿದೆವು. ಇಪ್ಪತ್ತು. ಬಿಳಿಯ ಅಂಚಿನಿಂದ ನಸುಗೆಂಪು ಒಳಗೆ ಹರಿಯತೊಡಗಿತು. ಮೂವತ್ತು ಎಣಿಸುವಷ್ಟರಲ್ಲಿ ಬಿಳಿ ಮತ್ತೆ ಅಕ್ಕಿಕಾಳಿನಷ್ಟೇ ಉಳಿದಿತ್ತು. ಬೆರಳು ಒಂದು ಕೂದಲೆಳೆಯಷ್ಟೂ ಹಿಂದೆ ಬಂದಿರಲಿಲ್ಲ. ಚರ್ಮವೇ ಜಾಗ ಬಿಟ್ಟುಕೊಟ್ಟಿತ್ತು. ಎಳೆದ ಚರ್ಮದಲ್ಲಿ ರಕ್ತ ಓಡುವುದು ಕಡಿಮೆಯಾದರೆ ಬಿಳಿಚುತ್ತದೆ, ಅಲ್ಲೇ ಹಿಡಿದು ಕಾದರೆ ಚರ್ಮ ಹಿಗ್ಗಿ ರಕ್ತ ವಾಪಸ್ಸು ಬರುತ್ತದೆ. ದಿಢೀರನೆ ಎಳೆದರೆ ಗಾಯವಾಗುತ್ತದೆ, ಮೆಲ್ಲಗೆ ಎಳೆದು ಕಾದರೆ ಬಗ್ಗುತ್ತದೆ. ಇದನ್ನು ಎಷ್ಟೋ ಸಲ ಕೇಳಿದ್ದೆ. ಆವತ್ತು ನನ್ನದೇ ಚರ್ಮದಲ್ಲಿ ನೋಡಿದೆ. ಹರಿದುಹೋಗುತ್ತದೆ ಅನ್ನುವ ಭಯ ಅರ್ಧ ಕಮ್ಮಿಯಾಗಿದ್ದು ಆ ಮೂವತ್ತು ಎಣಿಕೆಯಲ್ಲಿ.

ವಾರಕ್ಕೆ ಐದು ದಿನ ಹೋಗುತ್ತಿದ್ದೆ. ಯಂತ್ರದ ಮುಂದೆ ಅರ್ಧ ಗಂಟೆ, ಅದರ ಹಿಂದೆ ಮುಂದೆ ಸೇರಿ ಒಂದೂವರೆ ಗಂಟೆ. ಮೊದಲ ಎರಡು ವಾರ ಯಂತ್ರವೇ ಬೆರಳು ಆಡಿಸುತ್ತಿತ್ತು, ನಾನು ಸುಮ್ನೆ ಬಿಟ್ಟುಕೊಡಬೇಕಿತ್ತು. ಒಮ್ಮೆ ಮಡಚಿ ಬಿಡಿಸಲು ಸುಮಾರು 8 ಸೆಕೆಂಡು. ಹಿಡಿದು ನಿಲ್ಲಿಸುವ ಸುತ್ತುಗಳನ್ನು ಬಿಟ್ಟು, ಇಪ್ಪತ್ತು ನಿಮಿಷಕ್ಕೆ 150 ಸಲ. ಕೈಯಿಂದ ಮಾಡಿಸುವಾಗ ಮೇಡಂಗೂ ನನಗೂ ಮೂವತ್ತಕ್ಕೇ ಸಾಕಾಗುತ್ತಿತ್ತು. 150ನೇ ಸಲವೂ ಮೊದಲನೇ ಸಲದ್ದೇ ವೇಗ, ಅದೇ ಬಲ, ಅದೇ ಜಾಗದಲ್ಲಿ ನಿಲ್ಲುವುದು. ಮುಂದೇನಾಗುತ್ತೆ ಅಂತ ನನ್ನ ಕೈಗೆ ಮೊದಲೇ ಗೊತ್ತಿರುತ್ತಿತ್ತು. ಮನುಷ್ಯರ ಕೈ ಎಷ್ಟೇ ಮೃದುವಾಗಿದ್ದರೂ ಮುಂದಿನ ಸಲ ಸ್ವಲ್ಪ ಜಾಸ್ತಿ ಒತ್ತಬಹುದೇನೋ ಅಂತ ಕಾಯುತ್ತಾ ಇರುತ್ತೇವೆ. ಯಂತ್ರದ ಮುಂದೆ ಹಾಗೆ ಕಾಯುವುದು ನಿಂತಿತು.

ನಿಂತಿತು ಅಂತ ಅಂದುಕೊಂಡಿದ್ದೆ, ಅಷ್ಟೇ. ಮೂರನೇ ವಾರದಲ್ಲಿ ಗೊತ್ತಾದ ವಿಷಯ ಬೇರೆಯೇ ಇತ್ತು.

ಮೂರನೇ ವಾರ ಕೆಲಸ ಬದಲಾಯಿತು. ಈಗ ಬೆರಳು ನಾನೇ ಮಡಚಬೇಕು, ನನ್ನ ಕೈಲಿ ಆಗದೆ ನಿಂತಲ್ಲಿಂದ ಯಂತ್ರ ಮುಂದೆ ಒಯ್ಯುತ್ತದೆ. ಎದುರಿಗೆ ಪರದೆ. ಅದರಲ್ಲಿ ಒಂದು ಚೆಂಡು, ಬೆರಳು ಮಡಚಿದರೆ ಇಳಿಯುತ್ತದೆ, ಬಿಡಿಸಿದರೆ ಏರುತ್ತದೆ. ಪಕ್ಕದಲ್ಲಿ ಐದು ಬೆರಳಿಗೂ ಒಂದೊಂದು ಗೆರೆ. ನಾನು ಮಡಚುವ ಕಡೆಗೆ ಬಲ ಹಾಕಿದರೆ ಗೆರೆ ಮೇಲೆ, ಬಿಡಿಸುವ ಕಡೆಗೆ ಹಾಕಿದರೆ ಕೆಳಗೆ. ಮೇಡಂ "ಮಡಚಿ" ಅಂದರು. ನನ್ನ ಪೂರ್ತಿ ಶಕ್ತಿ ಹಾಕಿದೆ. ಹಣೆಯಲ್ಲಿ ಬೆವರು ಬಂತು. ಪರದೆಯಲ್ಲಿ ಎಲ್ಲಾ ಗೆರೆಗಳೂ ಸ್ವಲ್ಪ ಮೇಲೆ ಹೋಗಿ, ಚರ್ಮ ಬಿಗಿಯುವ ಜಾಗ ಬರುತ್ತಿದ್ದ ಹಾಗೆ ಸರ್ರನೆ ಸೊನ್ನೆಯ ಕೆಳಗೆ ಇಳಿದವು.

"ಮಷೀನ್ ಕೆಟ್ಟಿದೆಯಾ?" ಅಂತ ಕೇಳಿದೆ.

"ಇಲ್ಲ. ಇಲ್ಲಿಂದ ಮುಂದಕ್ಕೆ ನೀವು ಮಷೀನಿಗೆ ಎದುರಾಗಿ ತಳ್ತಿದ್ದೀರ."

ನಂಬಲಿಲ್ಲ. ಮತ್ತೆ ಮಾಡಿದೆ. ಮತ್ತೆ ಅದೇ. ಮಡಚಬೇಕು ಅಂತ ಮನಸ್ಸಿನಲ್ಲಿ ಅಂದುಕೊಳ್ಳುತ್ತಲೇ, ಬಿಗಿತ ಬಂದ ಕೂಡಲೇ ಬಿಡಿಸುವ ಸ್ನಾಯುಗಳನ್ನೂ ಜೊತೆಗೇ ಬಿಗಿ ಹಿಡಿಯುತ್ತಿದ್ದೆ. ಭುಜ ಕಿವಿಯವರೆಗೆ ಏರಿರುತ್ತಿತ್ತು, ಉಸಿರು ಕಟ್ಟಿರುತ್ತಿತ್ತು. ಹತ್ತು ವಾರದಿಂದ ನಾನು ಮನೆಯಲ್ಲಿ ಗಂಟೆಗೊಮ್ಮೆ ಮಾಡಿದ ವ್ಯಾಯಾಮವೆಲ್ಲ ಹೀಗೇ ಇತ್ತೇನೋ. ಒಂದು ಕಡೆ ಎಳೆಯುತ್ತಾ ಇನ್ನೊಂದು ಕಡೆ ತಡೆಯುತ್ತಾ. ಮೇಡಂ ಹೇಳಿದ್ದು ಹೀಗೆ: "ಚರ್ಮ ಬಿಗಿ ಇದೆ, ಅದು ನಿಜ. ಆದರೆ ಈಗ ನೋಡಿದ್ದು ಚರ್ಮದ್ದಲ್ಲ. ಅದು ನೀವು ಕೈನ ಕಾಪಾಡ್ಕೊಳ್ತಿರೋದು. ಬೆಂಕಿ ಕಂಡ ಕೈ, ಹಾಗೇ ಮಾಡುತ್ತೆ."

ನಾನು ಅಲ್ಲೇ ಅತ್ತುಬಿಟ್ಟೆ. ಅಷ್ಟು ದಿನ ಕಷ್ಟಪಟ್ಟರೂ ಕೈ ಯಾಕೆ ಬಗ್ಗುತ್ತಿಲ್ಲ, ನನ್ನಲ್ಲೇ ಏನೋ ಕಮ್ಮಿ ಇದೆ ಅಂತ ಕೊರಗುತ್ತಿದ್ದೆ. ಕಾರಣ ಕಣ್ಣಿಗೆ ಕಂಡಿತ್ತು. ಅವತ್ತಿನಿಂದ ನನ್ನ ಕೆಲಸ ಬೆರಳು ಮಡಚುವುದಕ್ಕಿಂತ ಆ ಗೆರೆಯನ್ನು ಸೊನ್ನೆಯ ಮೇಲೆ ಇಟ್ಟುಕೊಳ್ಳುವುದಾಯಿತು. ಬಿಗಿತ ಬರುವ ಜಾಗಕ್ಕೆ ಸ್ವಲ್ಪ ಮೊದಲು ಉಸಿರು ಬಿಡಬೇಕು, ಭುಜ ಇಳಿಸಬೇಕು. ಐದಾರು ದಿನಕ್ಕೆ ತೋರುಬೆರಳು, ನಡುಬೆರಳು ಕಲಿತವು. ಕಿರುಬೆರಳಿಗೆ ಎರಡು ವಾರ ಬೇಕಾಯಿತು. ಅದರ ಗೆರೆ ಮೊದಲ ಸಲ ಮೇಲೇ ನಿಂತಾಗ ಎತ್ತರ ಒಂದು ಭತ್ತದ ಕಾಳಿನಷ್ಟೂ ಇರಲಿಲ್ಲ. ಮಗಳು ಪಕ್ಕದಲ್ಲೇ ಇದ್ದಳು. "ಅಮ್ಮಾ, ಅದು ನೀನೇ ಮಾಡಿದ್ದು ಅಲ್ವಾ?" ಅಂದಳು. ಹೌದು, ಯಂತ್ರ ಇನ್ನೂ ಕೈ ಹಚ್ಚಿರಲಿಲ್ಲ.

ನಾಲ್ಕನೇ ವಾರದ ಕೊನೆಯಲ್ಲಿ ಒಂದು ತೊಂದರೆ ಆಯಿತು. ಬಿಲ್ಲೆ ಜಾರದ ಹಾಗೆ ಬೆರಳ ಸುತ್ತ ಸುತ್ತಿದ್ದ ಪಟ್ಟಿ ನಡುಬೆರಳಿನ ಹಿಂಭಾಗದಲ್ಲಿ ಉಜ್ಜಿ, ಸಂಜೆಗೆ ಅಲ್ಲೊಂದು ನೀರ್ಗುಳ್ಳೆ ಎದ್ದಿತ್ತು. ಕಸಿ ಮಾಡಿದ ಹೊಸ ಚರ್ಮಕ್ಕೆ ಸಣ್ಣ ತಿಕ್ಕಾಟವೂ ಸಾಕು. ಆ ಜಾಗದಲ್ಲಿ ಸ್ಪರ್ಶವೂ ಸರಿಯಾಗಿ ಇಲ್ಲದ್ದರಿಂದ ಉಜ್ಜುತ್ತಿರುವುದು ನನಗೆ ಗೊತ್ತೇ ಆಗಿರಲಿಲ್ಲ. ಅದು ಒಣಗುವವರೆಗೆ ಯಂತ್ರ ಬೇಡ ಅಂದರು. ನಾಲ್ಕು ದಿನ. ಆ ನಾಲ್ಕು ದಿನ ರಾತ್ರಿ ಸ್ಪ್ಲಿಂಟನ್ನೂ ನಾನು ಸರಿಯಾಗಿ ಹಾಕಿಕೊಳ್ಳಲಿಲ್ಲ, ಗುಳ್ಳೆ ಒಡೆದೀತು ಅಂತ. ವಾಪಸ್ಸು ಹೋಗಿ ಅಳೆದಾಗ ತೋರುಬೆರಳಲ್ಲಿ 15 ಡಿಗ್ರಿ ಕಳೆದುಕೊಂಡಿದ್ದೆ. ಹದಿನೈದು ಡಿಗ್ರಿ ಗಳಿಸಲು ಒಂದು ವಾರಕ್ಕಿಂತ ಜಾಸ್ತಿ ಹಿಡಿದಿತ್ತು. ಆಮೇಲೆ ಮೇಡಂ ಪ್ರತಿ ಸಲ ಪಟ್ಟಿಯ ಕೆಳಗೆ ಮೆತ್ತನೆಯ ಬಟ್ಟೆ ಸುತ್ತುತ್ತಿದ್ದರು, ಹತ್ತು ನಿಮಿಷಕ್ಕೊಮ್ಮೆ ಬಿಚ್ಚಿ ನೋಡುತ್ತಿದ್ದರು.

ಈ ಚಿಕಿತ್ಸೆಗೆ ಹೋಗುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಬೆರಳು ಎಷ್ಟು ಬಲ ಹಾಕಿತು, ಎಷ್ಟು ಮಡಚಿತು ಅಂತ ಯಂತ್ರ ಅಳೆಯುತ್ತದೆ. ಚರ್ಮ ಬಿಳಿಚಿದ್ದು ಅದಕ್ಕೆ ಕಾಣುವುದಿಲ್ಲ. ಗುಳ್ಳೆ ಏಳುತ್ತಿರುವುದು ಗೊತ್ತಾಗುವುದಿಲ್ಲ. ನನ್ನ ಮುಖ ಬಾಡಿದ್ದು ಅದರ ಲೆಕ್ಕದಲ್ಲಿಲ್ಲ. ನಿಮ್ಮ ಕೈ ನೋಡುತ್ತಾ ಪಕ್ಕದಲ್ಲಿ ಥೆರಪಿಸ್ಟ್ ಕೂತಿರುತ್ತಾರಾ ಅಂತ ಮೊದಲೇ ಕೇಳಿ. ಯಂತ್ರ ಹಾಕಿಟ್ಟು ಬೇರೆ ಕಡೆ ಹೋಗುವ ಜಾಗವಾದರೆ, ಸುಟ್ಟ ಕೈಗೆ ಅದು ಬೇಡ ಅಂತಲೇ ನನ್ನ ಅಭಿಪ್ರಾಯ. ಯಂತ್ರ ಇಲ್ಲದ ಊರಲ್ಲಿದ್ದರೆ ಎದೆಗುಂದಬೇಡಿ. ಸ್ಪ್ಲಿಂಟು, ಪ್ರೆಷರ್ ಗ್ಲೌಸು, ಉಜ್ಜುವುದು, ಕೈಯಿಂದ ಮಡಚಿಸುವುದು, ಇವೇ ಬುನಾದಿ. ರೋಬೋ ಅದರ ಮೇಲೆ ಸೇರುವಂಥದ್ದು. ನಾನು ಯಂತ್ರದ ಮುಂದೆ ಕೂತಿದ್ದು ದಿನಕ್ಕೆ ಅರ್ಧ ಗಂಟೆ. ಕಲೆ ಎಳೆಯುತ್ತಿದ್ದುದು 24 ಗಂಟೆಯೂ. ಅದರಲ್ಲೂ ರಾತ್ರಿ ನಿದ್ದೆಯಲ್ಲಿ ಕೈ ಮುದುಡಿಕೊಂಡಿರುವಾಗ.

ಇನ್ನೊಂದು, ಹೆಬ್ಬೆರಳಿನ ವಿಷಯ. ಯಂತ್ರ ಹೆಬ್ಬೆರಳನ್ನೂ ಒಂದು ಹಳಿಯ ಮೇಲೆ ಹಿಂದೆ ಮುಂದೆ ಓಡಿಸುತ್ತಿತ್ತು. ಆದರೆ ಹೆಬ್ಬೆರಳು ಹಳಿಯ ಮೇಲೆ ಓಡುವ ಬೆರಳಲ್ಲ. ಅದು ಸುತ್ತುತ್ತದೆ, ಅಗಲವಾಗುತ್ತದೆ, ಬೇರೆ ಬೆರಳುಗಳ ಎದುರಿಗೆ ಬಂದು ನಿಲ್ಲುತ್ತದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಸಂದಿಯಲ್ಲಿ ನನಗೆ ಒಂದು ಕಲೆ ಹಗ್ಗದ ಹಾಗೆ ಎದ್ದಿತ್ತು. ಕತ್ತರಿ ಬಾಯಿ ತೆರೆಯಲು ಬಿಡದಿದ್ದುದು ಅದೇ ಹಗ್ಗ. ಅದಕ್ಕೆ ಈ ಯಂತ್ರದಿಂದ ಹೆಚ್ಚು ಉಪಯೋಗವಾಗಲಿಲ್ಲ. ಮೇಡಂ ಆ ಸಂದಿಗೆ ಸರಿಯಾಗಿ ಕೂರುವ ಹಾಗೆ ಪ್ಲಾಸ್ಟಿಕ್ಕನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಒಂದು ಸ್ಪ್ಲಿಂಟ್ ಬಗ್ಗಿಸಿಕೊಟ್ಟರು. ಎರಡು ವಾರಕ್ಕೊಮ್ಮೆ ಅದನ್ನು ಮತ್ತೆ ಬಿಸಿ ಮಾಡಿ ಸ್ವಲ್ಪ ಅಗಲ ಮಾಡುತ್ತಿದ್ದರು. ದಿನಾ ಥೆರಪಿ ಪುಟ್ಟಿ ಅನ್ನುವ ಮೆತ್ತನೆ ಮುದ್ದೆಯನ್ನು ಬೆರಳ ಸಂದಿಯಲ್ಲಿಟ್ಟು ಹಿಚುಕುತ್ತಿದ್ದೆ.

ಎಂಟನೇ ವಾರದ ಅಳತೆ ಹೇಳುತ್ತೇನೆ. ತೋರುಬೆರಳು 110ರಿಂದ 190 ಡಿಗ್ರಿ. ನಡುಬೆರಳೂ ಹತ್ತಿರ ಹತ್ತಿರ ಅಷ್ಟೇ. ಉಂಗುರ ಬೆರಳಿಗೆ ಮಿತಿ ಇದ್ದುದರಿಂದ 150. ಟೆಂಡನ್ ಉಳಿದಿದೆ, ಅದೇ ಮುಖ್ಯ. ಕಿರುಬೆರಳು 85ರಿಂದ 130. ಹಿಡಿತ 4ರಿಂದ 11 ಕೆಜಿ. ಒಂಬತ್ತು ಕಡ್ಡಿಗಳನ್ನು ಒಂಬತ್ತು ತೂತಿಗೆ ಹಾಕಿ ತೆಗೆಯುವ ಒಂದು ಪರೀಕ್ಷೆ ಇದೆ. ಸರಿಯಾದ ಕೈಗೆ ಸುಮಾರು 20 ಸೆಕೆಂಡು ಸಾಕು. ಮೊದಲ ದಿನ ನನಗೆ 61 ಸೆಕೆಂಡು ಹಿಡಿದಿತ್ತು, ಈಗ 34. ಇದರಲ್ಲಿ ಎಷ್ಟು ಯಂತ್ರದ್ದು, ಎಷ್ಟು ಮೇಡಂ ಕೈಯದ್ದು, ಎಷ್ಟು ರಾತ್ರಿಯ ಸ್ಪ್ಲಿಂಟಿನದ್ದು ಅಂತ ಬಿಡಿಸಿ ಹೇಳಲು ನನ್ನಿಂದ ಆಗದು. ಆ ಸೊನ್ನೆಯ ಕೆಳಗಿಳಿದ ಗೆರೆಯನ್ನು ಮಾತ್ರ ಯಂತ್ರವೇ ತೋರಿಸಬೇಕಿತ್ತು. ಬೇರೆ ಯಾರಿಗೂ ಅದು ಕಂಡಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ಈಗ ಯಂತ್ರ ಮುಗಿದು ಐದು ವಾರ. ವಾರಕ್ಕೆರಡು ದಿನ ಮಾಮೂಲಿ ಥೆರಪಿಗೆ ಹೋಗುತ್ತೇನೆ. ಗ್ಲೌಸು, ಸ್ಪ್ಲಿಂಟು ಇನ್ನೂ ಇವೆ. ಮನೆಯಲ್ಲಿ ಬೆರಳು ಮಡಚುವಾಗ ಎದುರಿಗೆ ಪರದೆ ಇಲ್ಲ, ಆದರೂ ಬಿಗಿತ ಬರುವ ಜಾಗದಲ್ಲಿ ಭುಜ ಏರಿತಾ ಅಂತ ನೋಡಿಕೊಳ್ಳುತ್ತೇನೆ. ಗೆಣ್ಣು ಬಿಳಿಚಿದ ಮೇಲೆ ಮೂವತ್ತು ಎಣಿಸುತ್ತೇನೆ. ಹೆಬ್ಬೆರಳ ಸಂದಿಯ ಹಗ್ಗ ಇನ್ನೂ ಪೂರ್ತಿ ಸಡಿಲವಾಗಿಲ್ಲ. ಕಲೆ ಇನ್ನಷ್ಟು ಮೆತ್ತಗಾಗಲಿ, ಆಮೇಲೂ ಹೀಗೇ ಇದ್ದರೆ ಸಣ್ಣ ಆಪರೇಷನ್ ಮಾಡಿ ಬಿಡಿಸೋಣ ಅಂದಿದ್ದಾರೆ ಡಾಕ್ಟರು.

ಹೋದ ವಾರ ದೊಡ್ಡ ಕತ್ತರಿ ತೆಗೆದೆ. ಹಳೆಯ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ನೆಟ್ಟಗೆ ಒಂದು ಗೆರೆ ಎಳೆದು, ಅದರ ಮೇಲೆ ಕತ್ತರಿಸಿದೆ. ಮೊದಲಾದರೆ ಒಂದು ಸಲ ಬಾಯಿ ತೆರೆದರೆ ನಾಲ್ಕು ಇಂಚು ಹೋಗುತ್ತಿತ್ತು. ಈಗ ಒಂದೂವರೆ ಇಂಚು. ಎರಡು ಸಲ ನಿಲ್ಲಿಸಿ, ಕೈ ಇಳಿಬಿಟ್ಟು, ಮತ್ತೆ ಹಿಡಿದೆ. ಬಟ್ಟೆ ಎರಡಾದಾಗ ಅಂಚನ್ನು ಬೆಳಕಿಗೆ ಹಿಡಿದು ನೋಡಿದೆ. ಅಲ್ಲಲ್ಲಿ ಮೆಟ್ಟಿಲು ಬಿದ್ದಿತ್ತು. ಗೆರೆ ಬಿಟ್ಟು ಎಲ್ಲೂ ಹೋಗಿರಲಿಲ್ಲ.